ಪಾಷಾ ಚಾಚಾನ ಮಾಳಿಗೆ

ಕೋಠಿ, ಹೈದರಾಬಾದು
೧೨ ಜುಲೈ ೧೯೮೮

ಅಕ್ಕಾ,

ಕೋಣೆ ಸಿಕ್ಕಿತು. ನೀನು ಮೊದಲು ಕೇಳುವ ಪ್ರಶ್ನೆಗೆ ಮೊದಲೇ ಉತ್ತರ ಕೊಟ್ಟುಬಿಡುತ್ತೇನೆ: ದಮ್ಮು ಇಲ್ಲ. ರಾಯಚೂರು ಬಿಟ್ಟಾಗಿನಿಂದ ಒಂದು ಸಲವೂ ಎದೆ ಕಟ್ಟಿಲ್ಲ. ಔಷಧದ ಅಂಗಡಿಯಲ್ಲಿ ದುಡಿಯುವವನನ್ನು ಕಂಡರೆ ರೋಗಕ್ಕೂ ಹೆದರಿಕೆ ಇರಬೇಕು. ದಿನವಿಡೀ ಪೆಟ್ಟಿಗೆ ಒಡೆಯುವುದು, ಗುಳಿಗೆ ಜೋಡಿಸುವುದು, ಊರೂರಿಗೆ ಪಾರ್ಸಲ್ ಕಟ್ಟುವುದು. ಮಾತೆಲ್ಲ ತೆಲುಗು, ಇಲ್ಲವೇ ಹಿಂದಿ. ನನ್ನ ತೆಲುಗು ಕೇಳಿದರೆ ಜಗಳಕ್ಕೆ ನಿಂತಂತೆ ಇರುತ್ತದೆ ಎಂದು ಅಂಗಡಿಯವರು ನಗುತ್ತಾರೆ. ಬರುಬರುತ್ತ ನಾನು ಮಾತಾಡುವುದನ್ನೇ ಬಿಟ್ಟಿದ್ದೆ.

ಕೋಣೆ ಇರುವುದು ಅಂಗಡಿಯ ಹಿಂದಿನ ಗಲ್ಲಿಯಲ್ಲಿ, ಒಂದು ಹಳೆಯ ಮನೆಯ ಮಾಳಿಗೆಯ ಮೇಲೆ. ಮಾಲೀಕರ ಹೆಸರು ಚಾಂದ್ ಪಾಷಾ. ಗಲ್ಲಿಗೆಲ್ಲ ಅವರು ಚಾಚಾ. ಮುದುಕರು, ಒಬ್ಬರೇ. ನಾನು ಕೋಣೆ ಕೇಳಲು ಹೋದಾಗ ಮೆಟ್ಟಿಲ ಮೇಲೆ ಕೂತು ಚಹಾ ಹೀರುತ್ತಿದ್ದರು. ನನ್ನ ಹಿಂದಿ ಕೇಳಿ ಬಸಿ ಕೆಳಗಿಟ್ಟರು.

"ಯಾವ ಊರಲೇ ನಿಂದು?"

ಕನ್ನಡ, ಅಕ್ಕಾ!

"ರಾಯಚೂರು ರೀ."

"ನಾನು ಗುಲ್ಬರ್ಗಾದ ಅಳಿಯ. ನಮ್ಮ ಬೀಬಿ ಅಲ್ಲಿಯಾಕಿ. ಉರ್ದುದಾಗ ಪ್ರೀತಿ ಮಾಡ್ತಿದ್ಲು, ಕನ್ನಡದಾಗ ಬೈತಿದ್ಲು. ಅದಕ ನನಗ ಬೈಗುಳ ಭಾಳ ಬರತಾವ. ನಡೀತೈತೇನು?"

ನಡೆಯುತ್ತದೆ ಎಂದೆ. ಮೇಲೆ ಕರೆದೊಯ್ದರು. ಮಾಳಿಗೆ ಎಂದರೆ ಅದೊಂದು ಬೇರೆಯೇ ಊರು. ಕೆಳಗಿನ ಬಸ್ಸು, ಆಟೋ, ಬಟ್ಟೆ ಕೂಗುವವರು, ಹಳೆ ಪುಸ್ತಕದವರು, ಯಾರ ಸದ್ದೂ ಅಲ್ಲಿ ಇಲ್ಲ. ಬರೀ ಆಕಾಶ. ಒಂದು ಮೂಲೆಯಲ್ಲಿ ನನ್ನ ಕೋಣೆ, ಇನ್ನೊಂದು ಮೂಲೆಯಲ್ಲಿ ಚಾಚಾನ ಪಾರಿವಾಳದ ಗೂಡುಗಳು. ಗಾಳಿ ಬೇಕಾದಷ್ಟು. ನಿನಗೂ ಇಷ್ಟವಾಗುತ್ತದೆ, ಒಮ್ಮೆ ಬಾ.

ನಿನ್ನ
ಸೂಗು

•

ರಾಯಚೂರು
೨೫ ಜುಲೈ ೧೯೮೮

ಸೂಗು,

ಮಾಳಿಗೆಯ ಸುದ್ದಿ ನಾಲ್ಕು ಸಾಲು ಬರೆದಿದ್ದೀ, ಪಾರಿವಾಳದ ಸುದ್ದಿ ಅರ್ಧ ಸಾಲು. ನಾನು ಆ ಅರ್ಧ ಸಾಲನ್ನೇ ಓದಿದೆ.

ನಿನಗೆ ನೆನಪಿದೆಯೋ ಇಲ್ಲವೋ. ಸ್ಟೇಷನ್ ಹತ್ತಿರ ಹತ್ತಿಯ ಜಿನ್ನು ಮಿಲ್ಲು ಇತ್ತು. ಅಲ್ಲಿ ಹೋಗಬೇಡ, ಹತ್ತಿಯ ಧೂಳು ನಿನ್ನ ಎದೆಗೆ ಆಗದು ಎಂದು ಅವ್ವ ಹೇಳದ ದಿನವಿರಲಿಲ್ಲ. ನೀನು ಹೋಗದ ದಿನವೂ ಇರಲಿಲ್ಲ. ಹತ್ತಿಯ ರಾಶಿಯ ಮೇಲೆ ಹಾರಿ, ಉರುಳಿ, ತಲೆ ಹುಬ್ಬಿಗೆಲ್ಲ ಹತ್ತಿ ಮೆತ್ತಿಕೊಂಡು ಸಣ್ಣ ಮುದುಕನ ಹಾಗೆ ಬರುತ್ತಿದ್ದೆ. ಆಮೇಲೆ ನಿನ್ನ ಎದೆಯಲ್ಲಿ ಸೀಟಿ ಶುರುವಾಗುತ್ತಿತ್ತು. ನಿನ್ನನ್ನು ಬೆನ್ನ ಮೇಲೆ ಹೊತ್ತುಕೊಂಡು ಹಕೀಮರ ಹತ್ತಿರ ಓಡುತ್ತಿದ್ದವಳು ನಾನು. ನನ್ನ ಕಿವಿಯ ಪಕ್ಕದಲ್ಲೇ ನಿನ್ನ ಬಾಯಿ. ಆ ಸೀಟಿ ನನಗೆ ಇವತ್ತಿಗೂ ಗುರುತು ಸಿಗುತ್ತದೆ. "ಯಾಕ ಹೋಗಿದ್ದಿ?" ಎಂದು ಒಮ್ಮೆ ಕೇಳಿದೆ. ಉಸಿರು ಸಿಗದಿದ್ದರೂ ನಗುತ್ತ ಹೇಳಿದೆ: "ಭಾಳ ಮೆತ್ತಗ ಇರತೈತಿ ಅಕ್ಕಾ."

ಆ ಕೋಣೆ ಬಿಡು. ಹೈದರಾಬಾದಿನಲ್ಲಿ ಹಕ್ಕಿ ಇಲ್ಲದ ಮನೆ ಒಂದೂ ಇಲ್ಲವೇ?

ಇಲ್ಲಿ ನಾನೊಬ್ಬಳೇ, ಹಾಯಾಗಿದ್ದೇನೆ. ಪಂಚಮಿಯ ಕುಪ್ಪಸಗಳು ಬಂದು ಬಿದ್ದಿವೆ, ಮಿಷನ್ನಿನ ಮೇಲಿಂದ ಎದ್ದಿಲ್ಲ. ನನ್ನನ್ನು ಕಟ್ಟಿಕೊಂಡ ನಿನ್ನ ಮಾಮಾ ಅದೋನಿಯಲ್ಲೇ ಇದ್ದಾರೆ, ಅವರ ಆ ಇನ್ನೊಂದು ಸಂಸಾರದ ಜೊತೆ. ಈ ಸಲ ನಾನು ಬಾಗಿಲ ಕೀಲಿಯನ್ನೇ ಬದಲು ಮಾಡಿಸಿದ್ದೇನೆ. ಅವರ ಸುದ್ದಿ ನೀನು ಕೇಳಬೇಡ, ನಾನು ಹೇಳುವುದಿಲ್ಲ.

ಅಕ್ಕ
ಶಿವದೇವಿ

•

ಕೋಠಿ
೧೮ ಸೆಪ್ಟೆಂಬರ್ ೧೯೮೮

ಅಕ್ಕಾ,

ಕೋಣೆ ಬಿಡಲಿಲ್ಲ ಎಂದು ಸಿಟ್ಟಾಗಬೇಡ. ಪೂರ್ತಿ ಓದಿ ಆಮೇಲೆ ಬೈ.

ಸಂಜೆ ಅಂಗಡಿ ಬಿಟ್ಟು ಮೆಟ್ಟಿಲು ಹತ್ತಿ ಬರುವ ಹೊತ್ತಿಗೆ ಚಾಚಾ ಗೂಡಿನ ಬಾಗಿಲು ತೆಗೆಯುತ್ತಿರುತ್ತಾರೆ. ಹಕ್ಕಿಗಳೆಲ್ಲ ಒಮ್ಮೆಗೇ ಏಳುತ್ತವೆ. ಆ ಸದ್ದು, ನೀನು ಹೊಸ ಖಾದಿ ಬಟ್ಟೆಯನ್ನು ಫಡಫಡ ಎಂದು ಒದರುತ್ತೀಯಲ್ಲ, ಹಾಗೆ. ಮೊದಲು ಮನೆಯ ಸುತ್ತ, ಆಮೇಲೆ ಗಲ್ಲಿಯ ಸುತ್ತ, ಆಮೇಲೆ ಎಷ್ಟು ಮೇಲೆ ಹೋಗುತ್ತವೆ ಎಂದರೆ ಸಾಸಿವೆ ಕಾಳು ಚೆಲ್ಲಿದಂತೆ ಕಾಣುತ್ತವೆ. ಕತ್ತೆತ್ತಿ ನೋಡುತ್ತ ನಿಂತರೆ ಬೆಳಗಿನಿಂದ ಹೊತ್ತ ಪೆಟ್ಟಿಗೆಗಳು, ಅಂಗಡಿಯ ಸೇಟನ ಬೈಗುಳ, ಎಲ್ಲ ಮರೆತುಹೋಗುತ್ತದೆ. ನನ್ನ ಎದೆ ಆಗ ತೆರೆದುಕೊಳ್ಳುತ್ತದೆ ಅಕ್ಕಾ, ಕಟ್ಟುವುದಿಲ್ಲ. ನಿನಗೆ ಇದನ್ನು ಹೇಗೆ ತಿಳಿಸಲಿ?

ಚಾಚಾ ನನಗೊಂದು ಮರಿ ಕೊಟ್ಟಿದ್ದಾರೆ. ಬಿಳಿ ಮೈ, ಕತ್ತು ಮಾತ್ರ ಬೆಲ್ಲದ ಬಣ್ಣ. ತಾಯಿ ಮೇವು ಕೊಡದೆ ಬಿಟ್ಟಿತ್ತು. ಸಜ್ಜೆ ನೆನೆಸಿ ನಾನೇ ಬಾಯಿಗಿಟ್ಟು ಸಾಕಿದೆ. ರಾತ್ರಿ ನನ್ನ ಅಂಗಿಯೊಳಗೇ ಮಲಗುತ್ತಿತ್ತು. ಈಗ ರೆಕ್ಕೆ ಬಲಿತಿದೆ. ಸಂತೆಯಲ್ಲಿ ಕೊಂಡು ತಂದ ಹಕ್ಕಿಯನ್ನು ಎಷ್ಟು ದಿನ ಸಾಕಿದರೂ ಬಿಟ್ಟ ಕೂಡಲೇ ಹಳೆಯ ಮನೆಗೆ ಹೋಗುತ್ತದಂತೆ. ಈ ಮಾಳಿಗೆಯಲ್ಲೇ ಮೊಟ್ಟೆಯೊಡೆದು ಬಂದದ್ದು ಮಾತ್ರ ಎಲ್ಲಿ ಬಿಟ್ಟರೂ ಇಲ್ಲಿಗೇ ಬರುತ್ತದೆ. ನನ್ನದು ಇಲ್ಲಿಯದೇ.

"ನೀನೂ ಇಲ್ಲಿಯವನs ಆಗೀದಿ ಬಿಡಲೇ," ಅಂದರು ಚಾಚಾ. "ಅಂಗಡಿಗೆ ಬಿಟ್ರ ಸಂಜಿಗೆ ಸೀದಾ ಇಲ್ಲೇ ಬಂದು ಇಳೀತಿ."

ನಗುತ್ತಾ ಕೆಮ್ಮು ಬಂತು ಅವರಿಗೆ. ಕೆಮ್ಮು ಬಂದರೆ ಗೋಡೆ ಹಿಡಿದು ನಿಲ್ಲುತ್ತಾರೆ, ಬಹಳ ಹೊತ್ತು. "ಈ ಪಾರಿವಾಳದ ಶೌಕು ಎದಿ ತಿಂತೈತಿ ಮಿಯಾ. ನಮ್ಮ ಅಬ್ಬಾಂದು ತಿಂತು, ನಂದು ತಿನ್ನಾಕತ್ತೈತಿ," ಅಂದರು, ಬೇರೆ ಯಾರದ್ದೋ ಸುದ್ದಿ ಹೇಳುವ ಹಾಗೆ.

ನನಗೆ ಸ್ವಲ್ಪ ಶೀತ ಇದೆ ಅಷ್ಟೇ. ಮಳೆಗಾಲ, ಎಲ್ಲರಿಗೂ ಇದೆ.

ಸೂಗು

•

ರಾಯಚೂರು
೩ ಅಕ್ಟೋಬರ್ ೧೯೮೮

ಸೂಗು,

ಆ ಮುದುಕರು ತಮ್ಮ ಬಾಯಿಯಿಂದಲೇ ಹೇಳಿದ್ದನ್ನು ನೀನು ನಿನ್ನ ಕೈಯಿಂದಲೇ ಬರೆದು ನನಗೆ ಕಳಿಸಿದ್ದೀ. ಆದರೂ ನಿನಗೆ ಕೇಳಿಸಿಲ್ಲ.

ಡಾಕ್ಟರಿಗೆ ತೋರಿಸು. ಅವರು ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆ. ನನ್ನ ಮೇಲೆ ಆಣೆ.

ಶಿವದೇವಿ

•

ಕೋಠಿ
೯ ನವೆಂಬರ್ ೧೯೮೮

ಅಕ್ಕಾ,

ತೋರಿಸಿದೆ. ಪಾರಿವಾಳದ ರೆಕ್ಕೆಯ ಧೂಳು, ಹಿಕ್ಕೆಯ ಧೂಳು ನನ್ನ ಎದೆಗೆ ವಿಷವಂತೆ. ಹಕ್ಕಿ ಬೇಕೋ ಉಸಿರು ಬೇಕೋ ನೀನೇ ನೋಡಿಕೋ ಎಂದರು. ಒಂದಕ್ಷರ ಬಿಟ್ಟಿಲ್ಲ, ಸಮಾಧಾನವಾಯಿತೇ?

ಅದಕ್ಕೇ ಕೋಣೆ ಬದಲಿಸಿದೆ. ಬೇಗಂಪೇಟೆಯ ಕಡೆ, ಅಂಗಡಿಯ ಹುಡುಗನೊಬ್ಬನ ಜೊತೆ ಇದ್ದೇನೆ. ಕೆಳಗಿನ ಮನೆ, ಕಿಟಕಿ ತೆರೆದರೆ ಗೋಡೆ. ಹಕ್ಕಿಯ ಗರಿಯೂ ಇಲ್ಲ. ವಿಳಾಸ ಮಾತ್ರ ಬದಲಿಸಬೇಡ, ಅಂಗಡಿಗೇ ಬರೆ, ಅದೇ ಸುಲಭ.

ಬರೆಯಲು ಹೊತ್ತು ಸಿಗುತ್ತಿಲ್ಲ. ಕೋಠಿಯಲ್ಲಿ ಒಂದು ಹಳೆಯ ಟೇಪ್ ರೆಕಾರ್ಡರ್ ತೆಗೆದುಕೊಂಡೆ. ಇನ್ನು ಮೇಲೆ ಮಾತಾಡಿಯೇ ಕಳಿಸುತ್ತೇನೆ. ಗೌಲಿಗುಡಾದಿಂದ ಹೊರಡುವ ರಾಯಚೂರು ಬಸ್ಸಿನ ಕಂಡಕ್ಟರು ಪರಿಚಯವಾಗಿದ್ದಾರೆ, ಕ್ಯಾಸೆಟ್ಟು ಅವರ ಕೈಯಲ್ಲಿ ಬರುತ್ತದೆ. ಪಕ್ಕದ ಜಯಮ್ಮಕ್ಕನ ಮನೆಯಲ್ಲಿ ಟೇಪ್ ಇದೆಯಲ್ಲ, ತಂದು ಹಾಕಿಕೊಂಡು ಕೇಳು. ಹಿಂಬದಿ ಖಾಲಿ ಬಿಡುತ್ತೇನೆ, ನೀನು ತುಂಬಿಸಿ ಕಳಿಸು.

ಸೂಗು

•

ಕ್ಯಾಸೆಟ್ಟಿನ ಮೊದಲ ಬದಿ
೧೫ ಜನವರಿ ೧೯೮೯

ಹಲೋ... ಹಲೋ. ಕೆಂಪು ದೀಪ ಹತ್ತೈತಿ. ಅಕ್ಕಾ, ನಾನು ಸೂಗು. ಸಂಕ್ರಾಂತಿ ಎಳ್ಳು ಇಲ್ಲಿಂದs ಕೊಟ್ಟೀನಿ ಅನ್ಕೋ. ನಗಬ್ಯಾಡ, ಒಬ್ಬನ ಕೂತು ಡಬ್ಬಿ ಜೋಡಿ ಮಾತಾಡಾಕ ನಾಚಿಕಿ ಬರತೈತಿ.

ನಾ ಆರಾಮ ಅದೀನಿ. ಊಟ ಮೆಸ್ಸಿನಾಗ. ಜೋಳದ ರೊಟ್ಟಿ ಸಿಗಂಗಿಲ್ಲ, ಅನ್ನ, ಪಪ್ಪು, ಗೋಂಗೂರ... ಇರು, ನೀರು ಕುಡೀತೀನಿ.

ಹಾಂ. ನಿನ್ನಿ ಇಡೀ ಊರು ಪತಂಗ ಹಾರಿಸಾಕತ್ತಿತ್ತು ಅಕ್ಕಾ. ಮಾಳಿಗಿ ಮಾಳಿಗಿ ಮ್ಯಾಲ ಮಂದಿ. ನಾ ಅಲ್ಲಿ... ನಾ ರಸ್ತಾದಾಗ ನಿಂತು ನೋಡಿದೆ. ಅವ್ವ ಇದ್ದಿದ್ರ... ಅವ್ವ ಎಷ್ಟು ಅಂಜತಿದ್ಲಲ್ಲ, ಪತಂಗದ ದಾರ ಕುತಗಿಗೆ ಸುತ್ತತೈತಿ ಅಂತ. ನೀ ಅಂಜತಿರಲಿಲ್ಲ. ನೀನs ನನಗ ಮಾಂಜಾ ಅರದು ಕೊಟ್ಟಿದ್ದಿ, ಗಾಜು ಪುಡಿ ಮಾಡಿ, ಅವ್ವಗ ಗೊತ್ತಾಗದಂಗ. ಕೈ ಕೊಯ್ಕೊಂಡು, ಅಡಗಿ ಮಾಡೋಮುಂದ ಆತು ಅಂತ ಸುಳ್ಳ ಹೇಳಿದ್ದಿ. ನೆನಪೈತೇನು?

ಚಾಚಾ ಒಮ್ಮೆ ಅಂಗಡಿಗೆ ಬಂದಿದ್ರು. ಮಾತಾಡ್ಸಿದೆ, ಅಷ್ಟ. ಮ್ಯಾಲ ಹೋಗಿಲ್ಲ. ನಿನ್ನಾಣಿ... ಆಣಿ ಯಾಕ, ಹೋಗಿಲ್ಲ ಅಂದ್ರ ಹೋಗಿಲ್ಲ.

ಮತ್ತೇನು... ಥಂಡಿ ಭಾಳ ಐತಿ. ಅದಕ ಸ್ವಲ್ಪ ದನಿ ಹಿಂಗ. ನೀ ಮಾತಾಡು. ಯಾರ್ಯಾರ ಕುಪ್ಪಸ ಹೊಲಿದಿ, ಯಾರ್ಯಾರು ಅಳತಿ ತಪ್ಪೈತಿ ಅಂತ ಜಗಳ ತಗದ್ರು, ಎಲ್ಲಾ ಹೇಳು. ಮಿಷನ್ನಿನ ಸಪ್ಪಳನರ ಹಾಕು, ಕೇಳಿಕೋತ ಮಲಗ್ತೀನಿ.

ನಿನ್ನ ಸೂಗು. ಬಂದ್ ಮಾಡೂದು ಯಾವುದಿದು...

•

ಕ್ಯಾಸೆಟ್ಟಿನ ಹಿಂಬದಿ
೨೯ ಜನವರಿ ೧೯೮೯

ಸೂಗು. ಕೇಳಸ್ತೈತೇನು? ಜಯಮ್ಮಕ್ಕ ಗುಂಡಿ ಒತ್ತಿ ಹ್ವಾದ್ಲು.

ನಿನ್ನ ಮಾತು ಮೂರು ಸಲ ಹಾಕಿ ಕೇಳಿದೆ. ಮೊದಲ ಸಲ ನೀ ಹೇಳಿದ್ದು ಕೇಳಿದೆ. ಖುಷಿ ಆತು. ಎರಡನೇ ಸಲ ನೀ ನೀರು ಕುಡದಿ ನೋಡು, ಅದಕ್ಕಿಂತ ಮುಂಚಿಂದು ಕೇಳಿದೆ. ನೀ ಉಸುರು ಎಳಕೊಂಡ ಸಪ್ಪಳ. ಅದು ಥಂಡಿ ಅಲ್ಲ ಸೂಗು. ಆ ಸೀಟಿ ನಾ ಬೆನ್ನ ಮ್ಯಾಲ ಹೊತ್ತೀನಿ. ನನಗ ಯಾರೂ ಹೇಳಿಕೊಡೂದು ಬ್ಯಾಡ.

ಮೂರನೇ ಸಲ ಕಿವಿ ಹಚ್ಚಿ ಕೂತೆ. ನೀ ಸುಮ್ಮಾದಾಗೆಲ್ಲಾ ಹಿಂದ ಗುಟುರ್, ಗುಟುರ್. ಬೇಗಂಪೇಟಿ ಕೆಳಗಿನ ಮನ್ಯಾಗ, ಕಿಟಕಿ ತಗದ್ರ ಗ್ವಾಡಿ ಅಂದ್ಯಲ್ಲ, ಆ ಗ್ವಾಡಿ ಗುಟುರ್ ಅಂತೈತೇನೋ? ಜಯಮ್ಮಕ್ಕನೂ ಕೇಳಿದ್ಲು. "ಪಾರಿವಾಳ ಛಲೋ ಹಾಡತಾವ ಬಿಡವ್ವಾ," ಅಂದ್ಲು. ನನಗ ಮಾರಿ ಎಲ್ಲಿಡಬೇಕು ತಿಳೀಲಿಲ್ಲ.

ಕ್ವಾಣಿ ಬಿಟ್ಟs ಇಲ್ಲ ನೀ. ನನಗ ಸುಳ್ಳ ಹೇಳಾಕ ಯಾವಾಗ ಕಲಿತಿ? ಜಡ್ಡಿಗಿಂತ ಅದು ಹೆಚ್ಚು ನೋವು ಆಗೈತಿ. ತನಗ ಆಗದ್ದು ಅಂತ ಗೊತ್ತಿದ್ದೂ ಮತ್ತ ಮತ್ತ ಅದರ ಬಾಗಲಕ್ಕ ಹೋಗಿ ನಿಂದರೂದು, ಅದೆಂಥಾ ಹುಚ್ಚು, ಹೇಳು ನನಗ. ನಾಳೆನ ಗಂಟು ಕಟ್ಟು. ನಾಳೆ ಅಂದ್ರ...

ಏ, ಇರು. ಯಾರೋ ಬಂದ್ರು. ಯಾರಿಲ್ಲ, ಜಯಮ್ಮಕ್ಕ. ಬಂದ್ ಮಾಡ್ತೀನಿ, ಕಾಗದ ಬರಿ, ನಿನ್ನ ಅಕ್ಕ.

•

ಕೋಠಿ
೧೦ ಫೆಬ್ರವರಿ ೧೯೮೯

ಅಕ್ಕಾ,

ಕ್ಯಾಸೆಟ್ಟು ಮುಟ್ಟಿತು. ನೀನು ಮೂರು ಸಲ ಕೇಳಿದೆ, ನಾನು ಒಂದೇ ಸಲ ಕೇಳಿದೆ. ಸಾಕಾಯಿತು.

ಕೊನೆಯಲ್ಲಿ ಹಿಂದಿನಿಂದ ಯಾರೋ ಸೀನಿದರು. ಒಂದರ ಬೆನ್ನಿಗೆ ಒಂದು, ಮದ್ದಿನ ತೋಪು ಹಾರಿದ ಹಾಗೆ. ಜಯಮ್ಮಕ್ಕ ಯಾವಾಗಿನಿಂದ ನಶ್ಯ ಏರಿಸುತ್ತಾಳೆ? ಮಲ್ಲಪ್ಪ ಮಾಮಾನ ಸೀನು ಇಡೀ ಓಣಿಗೆ ಗುರುತಿದೆ. ಹೊಸ ಕೀಲಿ ಅವರಿಗೂ ಒಂದು ಮಾಡಿಸಿಕೊಟ್ಟೆಯಾ?

ನೀನು ಕೇಳಿದೆಯಲ್ಲ, ಅದೆಂಥ ಹುಚ್ಚು ಅಂತ. ನೀನೇ ಹೇಳು. ನನಗಿಂತ ನಿನಗೆ ಹೆಚ್ಚು ಗೊತ್ತು.

ಸೂಗೂರೇಶ

•

ರಾಯಚೂರು
೨೧ ಮೇ ೧೯೮೯

ಸೂಗು,

ಊರಿಗೆ ಮುಟ್ಟಿದೆ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಸಿಕ್ಕಿತ್ತು. ಬಿಸಿಲಿಗೆ ಮುಖ ಸುಟ್ಟಿತು, ಮತ್ತೇನಿಲ್ಲ.

ದಮ್ಮು ಹೆಚ್ಚಾಗಿ ನೀನು ಅಲ್ಲಿ ಆಸ್ಪತ್ರೆಯಲ್ಲಿದ್ದಷ್ಟೂ ದಿನ ನಾವು ಪಕ್ಕದ ಮಂಚದವರ ಗೊರಕೆಯ ಬಗ್ಗೆ ಮಾತಾಡಿದೆವು, ಮೋಸಂಬಿ ಹುಳಿ ಇದೆ ಎಂದು ಮಾತಾಡಿದೆವು. ನಿನ್ನ ಫೆಬ್ರವರಿಯ ಕಾಗದದ ಬಗ್ಗೆ ನೀನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನಿನ್ನ ಮೂಗಿಗೆ ಗಾಳಿಯ ಕೊಳವೆ ಹಾಕಿದ್ದರು. ಆಗ ಯಾವ ಮಾತೂ ದೊಡ್ಡದೆನಿಸಲಿಲ್ಲ. ತಾರು ಬಂದಾಗ ನಾನು ಅಂದುಕೊಂಡಿದ್ದೇ ಬೇರೆ.

ನಿನಗೆ ಹೇಳದ ಒಂದು ಸಂಗತಿ ಇದೆ. ನಿನ್ನ ಬಟ್ಟೆ ತರಲೆಂದು ಒಂದು ಸಂಜೆ ಆ ಮನೆಗೆ ಹೋಗಿದ್ದೆ. ಹೋಗುವಾಗ ದಾರಿಯುದ್ದಕ್ಕೂ ಆ ಮುದುಕರಿಗೆ ಏನೇನು ಬೈಯಬೇಕೆಂದು ಜೋಡಿಸಿಕೊಂಡು ಹೋದೆ. ನಿನ್ನನ್ನು ಹೆಗಲ ಮೇಲೆ ಹಾಕಿಕೊಂಡು ಆ ಮೆಟ್ಟಿಲೆಲ್ಲ ಇಳಿಸಿ ಆಟೋಕ್ಕೆ ತಂದವರು ಅವರೇ ಎಂದು ನನಗೆ ಗೊತ್ತಿತ್ತು. ಆದರೂ ಬೈಯಬೇಕು ಅಂತಲೇ ಹೋದೆ.

ಮಾಳಿಗೆ ಹತ್ತಿದಾಗ ಅವರು ಹಕ್ಕಿಗಳನ್ನು ಇಳಿಸಿಕೊಳ್ಳುತ್ತಿದ್ದರು. ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದರು. "ಬಾರವ್ವಾ. ನಿನ್ನ ದನಿ ಕೇಳೀನಿ, ಟೇಪಿನ್ಯಾಗ," ಅಂದರು. "ಛಲೋ ಬೈತಿ. ನಮ್ಮ ಬೀಬಿ ನೆನಪಾದ್ಲು."

"ನನ್ನ ತಮ್ಮನ್ನ ಇನ್ನೊಮ್ಮೆ ಮ್ಯಾಲ ಹತ್ತಿಸಬ್ಯಾಡ್ರಿ," ಅಂದೆ. ಜೋಡಿಸಿಕೊಂಡು ಹೋಗಿದ್ದರಲ್ಲಿ ಅದೊಂದೇ ಹೊರಗೆ ಬಂತು.

ಅವರು ನನ್ನ ಕೈ ಚಾಚಿಸಿ ಒಂದು ಹಿಡಿ ಸಜ್ಜೆ ಹಾಕಿದರು. ನಿನ್ನ ಆ ಬೆಲ್ಲದ ಕತ್ತಿನ ಹಕ್ಕಿ ಬಂದು ಮಣಿಕಟ್ಟಿನ ಮೇಲೆ ಕೂತು ತಿಂದಿತು. ಎಷ್ಟು ಹಗುರ ಸೂಗು! ಕಾಲು ಬೆಚ್ಚಗೆ ಇತ್ತು. ದೂರದ ಗುಮ್ಮಟಗಳ ಹಿಂದೆ ಹೊತ್ತು ಮುಳುಗುತ್ತಿತ್ತು, ಕೆಳಗೆ ಎಲ್ಲೋ ಬಾಂಗು ಕೊಟ್ಟರು. ಬಟ್ಟೆ ತೆಗೆದುಕೊಂಡು ಹೋಗಬೇಕಾದವಳು ಕತ್ತಲಾಗುವವರೆಗೂ ಅಲ್ಲೇ ನಿಂತಿದ್ದೆ. ನನಗೂ ಇಳಿದು ಬರಲು ಮನಸ್ಸಾಗಲಿಲ್ಲ. ನೀನು ಯಾಕೆ ಬಿಡಲಿಲ್ಲ ಎಂದು ಆಗ ತಿಳಿಯಿತು. ತಿಳಿಯಿತು ಎಂದ ಮಾತ್ರಕ್ಕೆ ಸರಿ ಎಂದಲ್ಲ.

ಮೆಟ್ಟಿಲು ಇಳಿಯುವಾಗ ಹಿಂದಿನಿಂದ ಅವರ ಕೆಮ್ಮು ಕೇಳುತ್ತಿತ್ತು. ಕೆಳಗಿನ ಬಾಗಿಲವರೆಗೂ ಕೇಳುತ್ತಿತ್ತು.

ನಿಮ್ಮ ಅಂಗಡಿಯ ಗಿರಾಕಿ, ಲಿಂಗಂಪಲ್ಲಿಯ ಸುಬ್ಬರಾಯರು ನಿನ್ನನ್ನು ನೋಡಲು ಬಂದಿದ್ದರಲ್ಲ, ಅವರ ಮನೆಯ ಹಿಂದೆ ಕೋಣೆ ಇದೆಯಂತೆ. ಅವರ ಕಾರ್ಖಾನೆಯ ಕಾಲೊನಿಯ ಔಷಧದಂಗಡಿಯಲ್ಲಿ ಕೆಲಸಕ್ಕೂ ಹೇಳುತ್ತೇನೆ ಎಂದರು. ನಾನು ಇನ್ನು ಮೇಲೆ ಆಣೆ ಇಡುವುದಿಲ್ಲ. ನೀನೇ ನೋಡು.

ಶಿವದೇವಿ

•

ಲಿಂಗಂಪಲ್ಲಿ
೨೭ ಆಗಸ್ಟ್ ೧೯೮೯

ಅಕ್ಕಾ,

ನಿನ್ನ ಕಾಗದ ಬಂದು ಎಷ್ಟೋ ದಿನವಾಯಿತು. ಉತ್ತರ ಬರೆಯಲು ಕೂತಾಗಲೆಲ್ಲ ಪಾರಿವಾಳದ ಸುದ್ದಿಯೇ ಬರುತ್ತಿತ್ತು, ಹರಿದು ಹಾಕುತ್ತಿದ್ದೆ.

ಇಲ್ಲಿ ಎಲ್ಲ ಚೊಕ್ಕಟ. ಅಗಲ ರಸ್ತೆ, ಬೇವಿನ ಗಿಡ, ಸಂಜೆ ಕಾರ್ಖಾನೆಯ ಸೈರನ್ನು ಆದ ಮೇಲೆ ಸೈಕಲ್ಲುಗಳ ಸಾಲು. ಸುಬ್ಬರಾಯರು ಮೈಸೂರಿನವರು. "ಏನಪ್ಪಾ ಸೂಗೂರೇಶ, ತಿಂಡಿ ಆಯ್ತಾ? ಉಸಿರಾಟ ಹೇಗಿದೆ?" ಎಂದು ದಿನವೂ ಕೇಳುತ್ತಾರೆ. ಅಷ್ಟು ಮೆತ್ತಗೆ ಮಾತಾಡಿದರೆ ನನಗೆ ಮಾತಾಡಿಸಿದಂತೆಯೇ ಅನಿಸುವುದಿಲ್ಲ, ಚಾಚಾನ ಬೈಗುಳ ರೂಢಿಯಾಗಿದೆ. ಉಸಿರಾಟ ಚೆನ್ನಾಗಿದೆ ಅಕ್ಕಾ, ಸುಳ್ಳಲ್ಲ. ಗುಳಿಗೆ ಬಿಟ್ಟಿದ್ದೇನೆ. ರೈಲಿಗೆ ಓಡಿ ಹತ್ತಬಲ್ಲೆ. ಆದರೆ ಸಂಜೆಯಾದರೆ ಏನು ಮಾಡಬೇಕೆಂದು ತಿಳಿಯುವುದಿಲ್ಲ. ಕತ್ತು ತಾನಾಗಿ ಮೇಲೆ ಹೋಗುತ್ತದೆ. ಮೇಲೆ ಏನೂ ಇರುವುದಿಲ್ಲ.

ಮಾಳಿಗೆಯದ್ದೆಲ್ಲ ನೆನಪಾಗುತ್ತದೆ. ರಮಜಾನಿನ ಸಂಜೆ ಚಾಚಾ ಉಪವಾಸ ಬಿಡುವ ಮೊದಲು ಹಕ್ಕಿಗಳಿಗೆ ನೀರಿಡುತ್ತಿದ್ದರು. ಅವು ಕುಡಿದ ಮೇಲೆಯೇ ಖರ್ಜೂರ ಬಾಯಿಗೆ. ಬಸಿಯಲ್ಲಿ ಚಹಾ ಸುರಿದು ಅರ್ಧ ನನಗೆ ಕೊಡುತ್ತಿದ್ದರು. ಬನ್ನಿನ ಮೇಲೆ ಕೂತ ಗರಿಯನ್ನು ಊದಿ ತಿನ್ನುತ್ತಿದ್ದೆವು. ಈಗ ಅದನ್ನು ಬರೆಯುವಾಗ ಗೊತ್ತಾಗುತ್ತದೆ, ನಾವು ಏನು ತಿನ್ನುತ್ತಿದ್ದೆವು ಅಂತ. ಆದರೂ ಆ ರುಚಿ ಬೇರೆ.

ಹೋದ ಭಾನುವಾರ ತಡೆಯಲಾಗಲಿಲ್ಲ. ಕೋಠಿಯ ಬಸ್ಸು ಹತ್ತಿದೆ. ಮೇಲೆ ಹೋಗುವುದಿಲ್ಲ, ಗಲ್ಲಿಯಲ್ಲಿ ನಿಂತು ಒಮ್ಮೆ ನೋಡಿ ಬರುತ್ತೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಗಲ್ಲಿ ತಿರುಗುವಷ್ಟರಲ್ಲಿ ಕಾಲು ಮೆಟ್ಟಿಲ ಕಡೆಗೇ ಹೋಗುತ್ತಿತ್ತು. ಜೇಬಿನಲ್ಲಿ ಗುಳಿಗೆ ಇಟ್ಟುಕೊಂಡೇ ಹೋಗಿದ್ದೆ, ನೋಡು.

ಆಗ ಮೇಲಿಂದ ನೆರಳು ಬಿತ್ತು. ಹಾರಿಸಿದ ಹಕ್ಕಿ ಬೇಗ ಇಳಿಯಬಾರದೆಂದರೆ ಪಾರಿವಾಳದವರು ಉದ್ದನೆಯ ಬಿದಿರಿನ ತುದಿಗೆ ಕಪ್ಪು ಬಟ್ಟೆ ಕಟ್ಟಿ ಮಾಳಿಗೆಯ ಮೇಲೆ ಬೀಸುತ್ತಾರೆ. ಅದು ಬೀಸುತ್ತಿರುವವರೆಗೆ ಯಾವ ಹಕ್ಕಿಯೂ ಆ ಮನೆಗೆ ಇಳಿಯುವುದಿಲ್ಲ, ಎಷ್ಟೇ ದಣಿದಿರಲಿ. ಕತ್ತೆತ್ತಿ ನೋಡಿದೆ. ಆಕಾಶದಲ್ಲಿ ಒಂದು ಹಕ್ಕಿಯೂ ಇರಲಿಲ್ಲ. ಎಲ್ಲ ಗೂಡಿನಲ್ಲೇ ಇದ್ದಿರಬೇಕು. ಚಾಚಾ ಮಾಳಿಗೆಯ ಅಂಚಿಗೆ ಬಂದು ನಿಂತು, ಆ ಬಿದಿರನ್ನು ಗಲ್ಲಿಯ ಕಡೆ ಇಳಿಸಿ ನನ್ನ ತಲೆಯ ಮೇಲೆ ಬೀಸುತ್ತಿದ್ದರು.

"ಚಾಚಾ, ನಾನು ರೀ! ಸೂಗು!"

"ಗೊತ್ತೈತಿ ಯಾರಂತ! ಹೋಗಲೇ! ಹೋಗ್ತಿಯೋ ಇಲ್ಲೋ, ಭಾಡ್ಯಾ!"

"ಒಂದು ಚಹಾ ಕುಡದು ಹೋಗ್ತೀನ್ರಿ."

"ನಿನ್ನ ಚಹಾಕ್ಕ ಮಣ್ಣು ಹಾಕ! ಮೆಟ್ಲ ಮ್ಯಾಲ ಕಾಲಿಟ್ರ ಕಾಲು ಮುರೀತೀನಿ. ನಿಮ್ಮಕ್ಕಗ ಏನಂತ ಹೇಳ್ಲೋ ನಾನು, ಹರಾಮ್‌ಖೋರ್!"

ಗಲ್ಲಿಯವರೆಲ್ಲ ಹೊರಗೆ ಬಂದರು. ಮುದುಕನಿಗೆ ತಲೆ ಕೆಟ್ಟಿತು ಎಂದು ಹಾಲಿನವನು ತೆಲುಗಿನಲ್ಲಿ ಹೇಳಿ ನಕ್ಕ. ಅವರು ಕೂಗುತ್ತಿದ್ದುದು ಆ ಗಲ್ಲಿಯಲ್ಲಿ ನನಗೊಬ್ಬನಿಗೆ ಮಾತ್ರ ಅರ್ಥವಾಗುತ್ತಿತ್ತು. ಕೆಮ್ಮು ಬಂತು ಅವರಿಗೆ, ಬಗ್ಗಿದರು, ಆದರೆ ಗೋಡೆ ಹಿಡಿಯಲಿಲ್ಲ. ಬಿದಿರು ಬಿಡದೆ ಹಿಡಿದಿದ್ದರು, ಬಟ್ಟೆ ನಿಲ್ಲದಂತೆ ಆಡಿಸುತ್ತಲೇ ಇದ್ದರು. ನಾನು ಅಲ್ಲಿ ನಿಂತಿರುವವರೆಗೂ ಅವರು ಅದನ್ನು ಇಳಿಸುವುದಿಲ್ಲ ಎಂದು ತಿಳಿಯಿತು. ಅವರ ಕೈಯಾದರೂ ದಣಿಯದಿರಲಿ ಎಂದು ತಿರುಗಿ ಬಂದೆ.

ಇನ್ನು ಹೋಗುವುದಿಲ್ಲ. ಇದು ಆಣೆಯಲ್ಲ, ಸುದ್ದಿ.

ನೀನು ಹೇಗಿದ್ದೀ? ಫೆಬ್ರವರಿಯಲ್ಲಿ ನಾನು ಕೇಳಿದ್ದನ್ನು ಈಗ ಕೇಳುತ್ತಿಲ್ಲ. ಸುಮ್ಮನೆ ಕೇಳುತ್ತಿದ್ದೇನೆ.

ಸೂಗು

•

ರಾಯಚೂರು
೧೪ ಸೆಪ್ಟೆಂಬರ್ ೧೯೮೯

ಸೂಗು,

ನಿನ್ನ ಮಾಮಾ ಇಲ್ಲೇ ಇದ್ದಾರೆ. ಇಷ್ಟನ್ನು ಬರೆಯಲು ಇಷ್ಟು ದಿನ ಬೇಕಾಯಿತು. ಕೀಲಿ ಮಾಡಿಸಿಕೊಟ್ಟಿರಲಿಲ್ಲ. ಬಾಗಿಲು ಬಡಿದರು, ನಾನೇ ಹೋಗಿ ತೆಗೆದೆ.

ಬೆಳಿಗ್ಗೆ ನಶ್ಯ ಏರಿಸಿ ಸೀನುತ್ತಾರಲ್ಲ, ಸೀನಿದ ಮೇಲೆ ನನ್ನ ಕಡೆ ತಿರುಗಿ "ತೋಪು ಹಾರಿತು, ರಾಣಿಸಾಹೇಬ್ರು ಏಳಬಹುದು," ಅನ್ನುತ್ತಾರೆ. ಮದುವೆಯಾದ ಮರುದಿನ ಅಂದದ್ದು, ಇವತ್ತೂ ಅನ್ನುತ್ತಾರೆ. ನಾನು ಇವತ್ತೂ ನಗುತ್ತೇನೆ. ಈ ಮನೆಯಲ್ಲಿ ನನ್ನನ್ನು ನಗಿಸಿದವರು ಬೇರೆ ಯಾರೂ ಇಲ್ಲ. ಹೋದಾಗ ಅಳಿಸಿದವರೂ ಅವರೇ, ಅದು ನಿನಗೆ ಗೊತ್ತು. ನೀನು ಕೇಳಿದ ಹುಚ್ಚು ಇಷ್ಟೇ. ಇದಕ್ಕಿಂತ ದೊಡ್ಡದಾಗಿ ಹೇಳಲು ನನಗೆ ಬರುವುದಿಲ್ಲ.

ಹೋದ ವಾರ ಒಂದು ತುಂಡು ಬಟ್ಟೆ ತಂದರು. ಗುಲಾಬಿ ಬಣ್ಣದ್ದು, ಚೆನ್ನಾಗಿತ್ತು. "ಶಿವದೇವಿ, ಅದೋನಿ ಕೂಸಿಗೆ ಒಂದು ಫ್ರಾಕು ಹೊಲಿದು ಕೊಡು. ನಿನ್ನ ಕೈ ಹೊಲಿಗಿ ಯಾರಿಗೆ ಬರತೈತಿ?" ಅಂದರು. ನಾನು ಹೊಲಿದೆ ಸೂಗು. ಸೊಂಟಕ್ಕೆ ನೆರಿಗೆ ಇಟ್ಟೆ, ತೋಳಿಗೆ ಬಲೂನು ಹಿಡಿದೆ. ಮುಗಿದ ಮೇಲೆ ಎತ್ತಿ ಹಿಡಿದು ನೋಡಿದೆ, ಬಹಳ ಚೆಂದ ಬಂದಿತ್ತು. ಆಗ ನನ್ನ ಬಗ್ಗೆ ನನಗೇ ಅಂಜಿಕೆ ಬಂತು.

ಅವತ್ತೇ ನಿನ್ನ ಕಾಗದ ಬಂತು. ಆ ಮುದುಕರು ಬಿದಿರು ಬೀಸಿದ್ದನ್ನು ಓದಿದೆ. ನಿನ್ನನ್ನು ಓಡಿಸಲು ಒಬ್ಬರಿದ್ದರು. ಇಲ್ಲಿಂದ ನನ್ನನ್ನು ಯಾರೂ ಓಡಿಸುವುದಿಲ್ಲ. ಇವರಂತೂ ಯಾವತ್ತೂ ಓಡಿಸುವುದಿಲ್ಲ. ನಗಿಸುತ್ತಾರೆ.

ದಸರೆಯ ಬಟ್ಟೆಗಳನ್ನು ಹೊಲಿದು ಮುಟ್ಟಿಸಿಬಿಡುತ್ತೇನೆ. ಹೊಸದಾಗಿ ಯಾರದ್ದೂ ಹಿಡಿದಿಲ್ಲ. ಜಯಮ್ಮಕ್ಕನಿಗೆ ಮಾತ್ರ ಹೇಳಿದ್ದೇನೆ. ಸುಬ್ಬರಾಯರ ಮನೆಯವರಿಗೆ ಒಂದು ಮಾತು ಕೇಳು, ಕಾಲೊನಿಯಲ್ಲಿ ಕುಪ್ಪಸ ಹೊಲಿಸುವವರು ಇದ್ದಾರೆಯೇ ಅಂತ. ಮಿಷನ್ನು ರೈಲಿನಲ್ಲಿ ಹಾಕಿಕೊಂಡು ಬರಬಹುದು, ಕಾಲು ಬಿಚ್ಚಿದರೆ ಸಣ್ಣದಾಗುತ್ತದೆ. ಅದಕ್ಕೆ ಬೆಳಕು ಬೇಕು. ನಿನ್ನ ಕೋಣೆಯ ಕಿಟಕಿ ಯಾವ ಕಡೆಗಿದೆ, ಬೇಗ ಬರೆ.

ಅಕ್ಕ
ಶಿವದೇವಿ